ಅಡುಗೆಯವಳ ಪಾಲಿನ ಗುಟುಕು

ಕಿಲ್‌ಬ್ರೇ ಸಂಘದವರು ಪ್ರತಿ ಜನವರಿಯಲ್ಲೂ ತಮ್ಮ ನಾಡಕವಿಯ ಹೆಸರಲ್ಲಿ ಮಾಡುವ ಹಬ್ಬದೂಟಕ್ಕೆ ಮೂವತ್ತು ವರ್ಷ ಹ್ಯಾಗಿಸ್ ಬೇಯಿಸಿದವಳು ಎಫಿ ಗಿಲ್‌ಕ್ರೈಸ್ಟ್. ಕುರಿಯ ಗುಂಡಿಗೆ, ಲಿವರ್ ಕೊಚ್ಚಿ, ಓಟ್ಸ್, ಈರುಳ್ಳಿ, ಮೆಣಸು ಬೆರೆಸಿ, ಕುರಿಯ ಹೊಟ್ಟೆಚೀಲಕ್ಕೆ ತುಂಬಿ ಹೊಲಿದು, ಮೂರು ಗಂಟೆ ಸಣ್ಣ ಉರಿಯಲ್ಲಿ ಬೇಯಿಸುತ್ತಾ ಕಾದು ಕೂರುವುದು ಅವಳ ಕೆಲಸ. ಅದನ್ನು ಬೆಳ್ಳಿ ತಟ್ಟೆಯಲ್ಲಿಟ್ಟು, ಚೀಲ ಕಟ್ಟಿದ ಪೈಪ್ ವಾದ್ಯ ಊದುವವನ ಹಿಂದೆ, ಎದ್ದುನಿಂತು ಚಪ್ಪಾಳೆ ತಟ್ಟುವ ಜನರ ನಡುವೆ ಹೊತ್ತು ನಡೆಯುವುದು ಮಾತ್ರ ಅವಳ ಕೆಲಸವಲ್ಲ.

ಹಾಗೆ ಹೊರುವವನನ್ನು ಅಡುಗೆಯವ ಅಂತಲೇ ಕರೆಯುತ್ತಾರೆ. ಆದರೆ ಸಭೆಗೆ ಹೆಂಗಸರು ಕಾಲಿಡುವಂತಿರಲಿಲ್ಲವಲ್ಲ! ಹಾಗಾಗಿ ಪೋಸ್ಟ್‌ಮಾಸ್ಟರ್ ವಾಟಿ ಪರ್ಡಿ ಉದ್ದನೆಯ ಬಿಳಿ ಟೋಪಿ ಹಾಕಿಕೊಂಡು ಅಡುಗೆಯವನಾಗುತ್ತಿದ್ದ. ಒಂದು ಮೊಟ್ಟೆ ಬೇಯಿಸಲು ಬಾರದ ಮಹಾನುಭಾವ! ಹ್ಯಾಗಿಸ್ ಮೇಲೆ ಆ ಕವಿ ಬರೆದ ಪದ್ಯವನ್ನು ಸಭೆಯಲ್ಲಿ ಹೇಳಿ ಮುಗಿದ ಮೇಲೆ ಪೈಪಿನವನಿಗೊಂದು, ಅಡುಗೆಯವನಿಗೊಂದು ಗ್ಲಾಸು ವಿಸ್ಕಿ ಕೊಡುವುದು ಪದ್ಧತಿ. ಎಫಿಯ ಪಾಲಿನ ಆ ಗುಟುಕನ್ನೂ ಪ್ರತಿ ವರ್ಷ ಅವನೇ ಕುಡಿಯುತ್ತಿದ್ದ. ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

ಇನ್ನೊಂದು ಗುಟ್ಟಿತ್ತು. ಪದ್ಯ ಹೇಳುವವನು ನಡುವೆ ಒಂದು ಸಾಲಿಗೆ ಬಂದಾಗ ಚಾಕು ಎತ್ತಿ ಹ್ಯಾಗಿಸ್‌ಗೆ ಇರಿಯಬೇಕು. ಬಿಗಿದು ಉಬ್ಬಿದ ಬಿಸಿ ಚೀಲ ಅದು. ಸುಮ್ಮನೆ ಇರಿದರೆ ಸಿಡಿಯುತ್ತದೆ. ಅದಕ್ಕೇ ಎಫಿ ಅಡುಗೆಮನೆಯಲ್ಲೇ ಒಂದು ಬೆರಳಗಲ ಸೀಳಿ, ಆವಿ ಬಿಟ್ಟು, ಮೇಲೊಂದು ಸೊಪ್ಪಿನ ಎಲೆ ಮುಚ್ಚಿ ಕಳಿಸುತ್ತಿದ್ದಳು. ಒಳಗೆ ಗಂಡಸರು ವೀರರಂತೆ ಇರಿದು ಭೇಷ್ ಅನ್ನಿಸಿಕೊಳ್ಳುತ್ತಿದ್ದರು. ಈ ಸಂಗತಿ ಗೊತ್ತಿದ್ದದ್ದು ಪೈಪಿನ ಮುದುಕ ಡೂಗಲ್ ರೆನಿಗೆ ಮಾತ್ರ.

ಹೋದ ವರ್ಷ ವಾಟಿ ತೀರಿಕೊಂಡ. ಸಂಘದ ಬಾಗಿಲೂ ಹೆಂಗಸರಿಗೆ ತೆರೆಯಿತು. ಹೊಸ ಅಧ್ಯಕ್ಷ, ವಕೀಲ ಫ್ರೇಸರ್ ಬೇಲಿ, ಅಡುಗೆಮನೆಗೇ ಬಂದು ಹೇಳಿದ: "ಎಫೀ, ಈ ಸಲ ಹೊರೋದು ನೀವೇ. ಕೆಲಸದಲ್ಲಿ ನಿಮ್ಮ ಕಡೇ ವರ್ಷ ಬೇರೆ. ಇನ್ಯಾರು ಹೊರ್ಬೇಕು ಹೇಳಿ?"

ಅಬ್ಬಾ, ಅವಳ ಸಂಭ್ರಮವೇ! ಹೊಸ ಶೂ ಕೊಂಡಳು. ಅಮ್ಮನ ಕಾಲದ ಚೌಕಳಿ ಶಾಲನ್ನು ಇಸ್ತ್ರಿ ಮಾಡಿಟ್ಟಳು. ತಟ್ಟೆಯ ಮೇಲೆ ಹಿಟ್ಟಿನ ಚೀಲವಿಟ್ಟುಕೊಂಡು ಮನೆಯ ಪಡಸಾಲೆಯಲ್ಲಿ ಹೋಗಿ ಬಂದು ನಡಿಗೆ ಕಲಿತಳು, ಅರವತ್ತೆಂಟನೇ ವಯಸ್ಸಿನಲ್ಲಿ.

ಹಬ್ಬದ ದಿನ ಮಧ್ಯಾಹ್ನ ಫ್ರೇಸರ್ ಮತ್ತೆ ಬಂದ. "ಎಫೀ, ಒಂದು ಸಣ್ಣ ಬದಲಾವಣೆ. ಟೀವೀಲಿ ಹವಾಮಾನ ಹೇಳ್ತಾರಲ್ಲ, ಶೋನಾ ಕಾರ್ಮೈಕಲ್, ಅವರು ಬರ್ತಿದಾರೆ! ಹ್ಯಾಗಿಸ್ ಹೊರೋ ಮೊದಲ ಹೆಂಗಸು ಅಂತ ಪೇಪರ್‌ನೋರೂ ಬರ್ತಾರೆ."

"ಮತ್ತೆ ನಾನು?"

"ನೀವು ಅಡುಗೆಮನೇಲಿ ಇರ್ಲೇಬೇಕಲ್ವಾ? ನಿಮ್ಮನ್ನ ಬಿಟ್ರೆ ಗತಿ ಯಾರು! ಹಾಂ, ಒಂದು ಲೋಟ ಕಪ್ಪು ಚಹಾ ಮಾಡ್ಕೊಡಿ. ಹಾಲು, ಸಕ್ಕರೆ ಏನೂ ಬೇಡ. ಪಾಪ, ಅವರು ಊಟ ಮುಗ್ಸಿ ಗ್ಲಾಸ್ಗೋ ತನಕ ತಾವೇ ಕಾರು ಓಡ್ಸ್ಕೊಂಡು ಹೋಗ್ಬೇಕು."

ದಾರಿಗೆ ಚಹಾ ಇರಬೇಕು ಅಂದುಕೊಂಡು ಎಫಿ ಮಾಡಿ ಕೊಟ್ಟಳು. ಅವನು ಆಚೆ ಹೋದ ಮೇಲೆ ಅತ್ತಳು. ಈರುಳ್ಳಿ ಹೆಚ್ಚುವುದು ಬಾಕಿಯಿತ್ತು, ಯಾರೂ ಕೇಳಲಿಲ್ಲ.

ಸಂಜೆ ಏಳಕ್ಕೆ ಶೋನಾ ಬಿಳಿ ಟೋಪಿ ಹಾಕಿಕೊಂಡು ಬಂದಳು. ಒಳ್ಳೆಯ ಹುಡುಗಿ, "ಘಮ ಅಂದ್ರೆ ಘಮ" ಎಂದು ನಕ್ಕಳು. ಎಫಿ ಹ್ಯಾಗಿಸನ್ನು ತಟ್ಟೆಗೆ ಇಳಿಸಿ, ಎಲೆ ಮುಚ್ಚಿದಳು.

ಡೂಗಲ್ ಅವಳ ಕೈಯನ್ನೇ ನೋಡುತ್ತಿದ್ದ. "ಏನೇ ಎಫೀ, ಚಾಕು ಮರೆತ್ಯಾ?" ಎಂದು ಮೆಲ್ಲಗೆ ಕೇಳಿದ.

"ಮೂವತ್ತು ವರ್ಷ ಮರೀದೋಳು ಇವತ್ತು ಮರೀತೀನಾ? ನಡಿ, ಊದು."

ಮುದುಕ ಪೈಪಿನ ಚೀಲಕ್ಕೆ ಉಸಿರು ತುಂಬಿ ಹೊರಟ. ಹಿಂದೆ ಶೋನಾ, ಸುತ್ತಲೂ ಚಪ್ಪಾಳೆ, ಕ್ಯಾಮೆರಾ. ಫ್ರೇಸರ್ ಎದೆಯುಬ್ಬಿಸಿ ಪದ್ಯ ಶುರುಮಾಡಿದ, ಆ ಸಾಲಿಗೆ ಬಂದ, ಚಾಕು ಎತ್ತಿ ಇರಿದ.

ಢಬ್ಬೆಂದಿತು! ಫ್ರೇಸರನ ಝಾಲರಿ ಅಂಗಿ, ಕನ್ನಡಕ, ಶೋನಾಳ ರೇಷ್ಮೆ ಉಡುಪು, ಮೇಜಿನ ಮೇಲಿದ್ದ ಕವಿಯ ಚಿತ್ರಪಟ, ಎಲ್ಲಕ್ಕೂ ಮಾಂಸ ಮೆತ್ತಿಕೊಂಡಿತು.

"ಯಾರ್ರೀ ಇದನ್ನ ಬೇಯ್ಸಿದ್ದು?" ಫ್ರೇಸರ್ ಕನ್ನಡಕ ಒರೆಸುತ್ತಾ ಕಿರುಚಿದ. "ಅಡುಗೆಯವಳು ಎಲ್ಲಿ?"

ಮೂವತ್ತು ವರ್ಷಗಳಲ್ಲಿ ಆ ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆ. ಬಿಳಿ ಟೋಪಿಯವಳು ಪಕ್ಕದಲ್ಲೇ ನಿಂತಿದ್ದರೂ ಅವಳ ಕಡೆ ಒಬ್ಬನೂ ತಿರುಗಲಿಲ್ಲ. ನೂರಿಪ್ಪತ್ತು ತಲೆಗಳೂ ಅಡುಗೆಮನೆಯ ಬಾಗಿಲಿಗೇ ತಿರುಗಿದವು.

ಎಫಿ ಏಪ್ರನ್ ಬಿಚ್ಚಿಟ್ಟು, ಶಾಲು ಹೊದ್ದು ಬಂದಳು. ಹೊಸ ಶೂ ಕಿರ್ ಕಿರ್ ಅನ್ನುತ್ತಿತ್ತು. ಪೈಪಿಲ್ಲ, ಚಪ್ಪಾಳೆಯಿಲ್ಲ, ಆದರೂ ಪಡಸಾಲೆಯಲ್ಲಿ ಕಲಿತಂತೆಯೇ ನಡೆದಳು.

"ನಾನೇ ಕಣಪ್ಪಾ ಅಡುಗೆಯವಳು," ಅಂದಳು. ಮೇಜಿನ ಮೇಲೆ ಪೈಪಿನವನ ಕಡೆಗೊಂದು, ಬಿಳಿ ಟೋಪಿಯವಳ ಕಡೆಗೊಂದು ಗ್ಲಾಸು ತುಂಬಿಟ್ಟಿದ್ದರು. ಪೈಪಿನವನದನ್ನು ಡೂಗಲ್‌ಗೆ ಕೊಟ್ಟು, ಅಡುಗೆಯವಳದನ್ನು ತಾನೆತ್ತಿಕೊಂಡಳು. ಯಾರಿಗೂ ತಡೆಯುವ ಧೈರ್ಯ ಬರಲಿಲ್ಲ. ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದಳು.

ಚಹಾ. ಹಾಲಿಲ್ಲದ, ಸಕ್ಕರೆಯಿಲ್ಲದ, ಶೋನಾಳಿಗೆಂದು ಮಧ್ಯಾಹ್ನ ತಾನೇ ಕಾಯಿಸಿ ಕೊಟ್ಟಿದ್ದ ಚಹಾ, ಆರಿ ತಣ್ಣಗಾಗಿತ್ತು.