ಕ್ರಾಸಿನ ಬೇವಿನ ಗಿಡದ ಬಟ್ಟೆ

ಅಥವಾ ಅದು ಹಸಿರು ಬಟ್ಟೆಯೂ ಇದ್ದಿರಬಹುದು. ಕೆಂಪು ಅಂತ ನಾನು ಎಷ್ಟು ಸಲ ಹೇಳಿದ್ದೇನೆಂದರೆ ಈಗ ಕಣ್ಣು ಮುಚ್ಚಿದರೂ ಕೆಂಪೇ ಕಾಣುತ್ತದೆ. ಆ ಬೆಳಗಿನ ನೆನಪಿನಲ್ಲಿ ನಾನು ನಂಬುವುದು ಬಸ್ಸಿನ ಸದ್ದನ್ನು ಮಾತ್ರ.

ಶಹಾಪುರದಿಂದ ಸುರಪುರಕ್ಕೆ ಹೋಗುವ ಬೆಳಗಿನ ಬಸ್ಸು ಕ್ರಾಸಿನಲ್ಲಿ ಹೊರಳಿ ನಮ್ಮೂರೊಳಗೆ ಬಂದು ಹೋಗಬೇಕಿತ್ತು. ಜನ ಇದ್ದರೆ ಮಾತ್ರ ಹೊರಳುತ್ತಿತ್ತು. ಜನ ಇದ್ದಾರೆಂದು ತಿಳಿಸಲು ಹಿಂದಿನ ಸಂಜೆಯೇ ಯಾರಾದರೂ ಕ್ರಾಸಿನ ಬೇವಿನ ಗಿಡಕ್ಕೆ ಒಂದು ಬಟ್ಟೆ ಕಟ್ಟಿ ಬರುತ್ತಿದ್ದರು. ಡ್ರೈವರುಗಳು ಬದಲಾಗುತ್ತಿದ್ದರು, ಬಟ್ಟೆಯ ಮಾತು ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು.

ಅವತ್ತು ಸುರಪುರದಲ್ಲಿ ಅಕ್ಕನ ಪಿಯುಸಿ ಪರೀಕ್ಷೆ. ತಪ್ಪಿದರೆ ಬೇಸಿಗೆಯಲ್ಲೇ ಲಗ್ನ ಎಂದು ಅಪ್ಪ ಹೇಳಿಬಿಟ್ಟಿದ್ದ. ಹುಡುಗನ ಕಡೆಯವರು ಆಗಲೇ ಬಂದು ಚಹಾ ಕುಡಿದು ಹೋಗಿದ್ದರು.

"ಅಪ್ಪಾ, ಬಟ್ಟಿ ಕಟ್ಟಿ ಬಂದಿಯೇನು?" ಹಿಂದಿನ ಸಂಜೆ ಅಕ್ಕ ಕೇಳಿದಳು.

"ಕಟ್ಟೀನವ್ವ. ಎಷ್ಟ್ ಸಲ ಕೇಳ್ತಿ?"

ಅದೇ ಸಂಜೆ ಅರ್ಧ ಊರು ಕೂಲಿ ಹುಡುಕಿ ಗುಳೆ ಹೊರಟಿತು. ಟೆಂಪೋ ತುಂಬ ಜನ, ಗಂಟು, ಕೂಸು, ಕೊಡ. ಯಾದಗಿರಿ ಸ್ಟೇಷನ್ನಿನಿಂದ ಮುಂಬೈ ರೈಲು ಹಿಡಿಯಲು. ಬೆಳಿಗ್ಗೆ ಎದ್ದರೆ ಓಣಿಯುದ್ದಕ್ಕೂ ಬೀಗ. ನಮ್ಮೂರಿನ ಜನಸಂಖ್ಯೆ ಎಂದು ಎಲ್ಲಾದರೂ ಬರೆದಿದ್ದನ್ನು ಓದಿದಾಗ ನನಗೆ ಮೊದಲು ಬರುವ ಪ್ರಶ್ನೆ: ಯಾವ ತಿಂಗಳಿನದು?

ಊರೊಳಗೆ ಬಸ್ಸು ಕಾಯುವ ಕಟ್ಟೆಯ ಮೇಲೆ ಅಕ್ಕ, ನಾನು ಇಬ್ಬರೇ. ಅಲ್ಲಿಂದ ಬಸ್ಸು ಕಾಣುವುದಿಲ್ಲ, ಕೇಳುತ್ತದೆ. ಕ್ರಾಸಿನಲ್ಲಿ ಗೇರು ಇಳಿಯುತ್ತದೆ. ಆಮೇಲೆ ಸದ್ದು ದೊಡ್ಡದಾದರೆ ಬಸ್ಸು ಹೊರಳಿತು ಅಂತ ಅರ್ಥ. ಗೇರು ಇಳಿಯಿತು. ಅಕ್ಕ ನನ್ನ ರಟ್ಟೆ ಹಿಡಿದಳು. ಸದ್ದು ಅಲ್ಲೇ ನಿಂತಂತಾಯಿತು. ಆಮೇಲೆ ಸುರಪುರದ ಕಡೆ ಸಣ್ಣಗಾಗುತ್ತ ಹೋಯಿತು.

ಅಕ್ಕ ಚಪ್ಪಲಿ ಕೈಗೆ ತಗೊಂಡು ಓಡಿದಳು. ಓಡಲಿಲ್ಲ, ಬಿರಬಿರನೆ ನಡೆದೆ ಎನ್ನುತ್ತಾಳೆ ಈಗ. ನಾನಂತೂ ಓಡಿದೆ.

ಕ್ರಾಸಿನ ಗಿಡದಲ್ಲಿ ಬಟ್ಟೆ ಇರಲಿಲ್ಲ. ಕೆಳಗೆ ಒಂದು ಟಂಟಂ ಆಟೋ ನಿಂತಿತ್ತು, ಅದರವನು ಗುಟ್ಕಾ ಹಾಕಿಕೊಂಡು ಕೂತಿದ್ದ.

"ಅಣ್ಣಾ, ಬಸ್ ಯಾಕ ಬರ್ಲಿಲ್ಲ?" ಅಕ್ಕ ಕೇಳಿದಳು.

"ನಿನ್ನಿ ಟೆಂಪೋದಾಗ ಊರಿಗೂರೇ ಹೋತು. ಒಳಗ ಯಾರದಾರಂತ ಬರ್ತಾನ ಅಂವ?"

"ನಾವದೀವಲ್ಲ. ಪರೀಕ್ಷಿ ಐತಿ, ಗಾಡಿ ತಗಿ."

"ಸೀಟ್ ತುಂಬ್ಲಿ ತಡಿ ತಂಗಿ. ಇನ್ನ ನಾಕ್ ಮಂದಿ."

"ನಾಕ್ ಮಂದಿ ಎಲ್ಲಿಂದ ತರ್ಲಿ? ಬೀಗ ಮುರಿದು ತರ್ಲೇನು?"

ಅವನು ನಕ್ಕ. ಖಾಲಿ ದಾರಿಯ ಕಡೆ ನೋಡುತ್ತ ಕೂತ. ಅಕ್ಕ ಹಿಂದೆ ಕೂರಲಿಲ್ಲ. ಮುಂದೆ ಅವನ ಪಕ್ಕದಲ್ಲೇ ಹತ್ತಿ ಹಾರ್ನಿನ ಮೇಲೆ ಕೈಯಿಟ್ಟು ಒತ್ತಿಹಿಡಿದಳು.

"ಏ, ಬಿಡಬೇ! ಬ್ಯಾಟ್ರಿ ಹೋಗ್ತೈತಿ!"

ಬಿಡಲಿಲ್ಲ. ಅವನು ಗುಟ್ಕಾ ಉಗುಳಿ ಗಾಡಿ ಚಾಲೂ ಮಾಡಿದ.

ಕಾಲೇಜಿನ ಗೇಟು ಅರ್ಧ ಮುಚ್ಚಿತ್ತು. ಅಕ್ಕ ಅಡ್ಡ ತಿರುಗಿ ಒಳಗೆ ಹೋದಳು. ಪಾಸಾದಳು. ಆ ಬೇಸಿಗೆ ಲಗ್ನವಾಗಲಿಲ್ಲ. ಈಗ ರಂಗಂಪೇಟೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ.

ಮೊನ್ನೆ ನಾನು ಅಪ್ಪನನ್ನು ಮತ್ತೊಮ್ಮೆ ಕೇಳಿದೆ. "ಕಟ್ಟಿದ್ದೆ," ಎಂದ, ಯಾವಾಗಲೂ ಹೇಳುವ ಹಾಗೆ. "ಕೆಂಪ್ ಬಟ್ಟಿ. ಗುಳೆ ಹೋದವ್ರು ಗಂಟು ಕಟ್ಟಾಕ ಬಿಚ್ಚಿಕೊಂಡಿರಬೇಕು." ಇರಬಹುದು. ದಾರಿಯಲ್ಲಿ ಗಂಟು ಬಿಚ್ಚಿಹೋದರೆ ಜನ ಏನು ಸಿಕ್ಕರೂ ಎಳೆದುಕೊಳ್ಳುತ್ತಾರೆ. ಅಕ್ಕ ಅಲ್ಲೇ ಕೂತಿದ್ದಳು. ಆ ಪರೀಕ್ಷೆಯ ಮೇಲೆ ಅವಳು ಯಾವತ್ತೂ ಇದನ್ನು ಕೇಳಿಲ್ಲ, ಮೊನ್ನೆಯೂ ಕೇಳಲಿಲ್ಲ. ಚಹಾದ ಕಪ್ಪು ಬಸಿ ತೊಳೆಯಲು ಎದ್ದು ಹೋದಳು.

ನಾನು ಆ ಬಟ್ಟೆಯನ್ನು ನೋಡಿಯೇ ಇಲ್ಲ. ನನ್ನ ಕಣ್ಣಿನ ಕೆಂಪು ಅಪ್ಪನ ಮಾತಿನಿಂದ ಬಂದಿದ್ದು. ಅವನು ಕಟ್ಟಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ.