ಬೆಂಕಿ ಹಾಕುವ ಮುನ್ನ ಚಿಮಣಿಯೊಳಗೆ

ನಮ್ಮವರು ಕೆಲಸ ಮಾಡುವ ಸಕ್ಕರೆ ಕಾರ್ಖಾನೆ ಇರುವುದು ಹುಮನಾಬಾದ ಕಡೆ, ಮನೆ ಬಸವಕಲ್ಯಾಣದಲ್ಲಿ. ಕಬ್ಬು ನುರಿಸುವ ಹಂಗಾಮು ಮುಗಿದು ಕಾರ್ಖಾನೆ ನಿಂತಿತೆಂದರೆ ಓಣಿಯವರೆಲ್ಲ ಇವರಿಗೆ ರಜೆ ಎಂದುಕೊಳ್ಳುತ್ತಾರೆ. ನಿಜವಾಗಿ ಇವರಿಗೆ ಕೆಲಸ ಹೆಚ್ಚುವುದೇ ಆಗ. ಯಂತ್ರಗಳನ್ನೆಲ್ಲ ಬಿಚ್ಚಿ, ತೊಳೆದು, ನೋಡಿ, ಮತ್ತೆ ಕೂಡಿಸಬೇಕು. ಆ ತಿಂಗಳುಗಳಲ್ಲಿ ಇವರ ಅಂಗಿಗಳನ್ನು ನಾನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತೇನೆ. ಕಾಲರಿನ ಮಡಿಕೆಯಲ್ಲಿ, ಜೇಬಿನ ಹೊಲಿಗೆಯಲ್ಲಿ ಕೂತ ಬೂದಿ ನೀರಿಗೆ ಬಿದ್ದೊಡನೆ ಹೊಗೆಯ ಹಾಗೆ ಎದ್ದು ಬರುತ್ತದೆ. ಚಿಮಣಿಯೊಳಗೆ ಇಳಿದ ದಿನದ ಅಂಗಿಯನ್ನಂತೂ ಇವರು ಹೇಳದಿದ್ದರೂ ಗುರುತಿಸುತ್ತಿದ್ದೆ. ಅದರ ಭುಜದ ಮೇಲೆ ಹಗ್ಗ ಉಜ್ಜಿದ ಗೆರೆ ಇರುತ್ತಿತ್ತು.

ಚಿಮಣಿಯ ಒಳಮೈಗೆ ಶಾಖ ತಡೆಯುವ ಕೆಂಪು ಇಟ್ಟಿಗೆ ಕಟ್ಟಿ, ಅದರ ಮೇಲೆ ಬೂದು ಬಣ್ಣದ ಗಿಲಾವು ಮಾಡಿರುತ್ತಾರೆ. ಗಿಲಾವು ಎಲ್ಲಾದರೂ ಉದುರಿದೆಯೇ ಎಂದು ನೋಡದೆ ಬಾಯ್ಲರಿಗೆ ಬೆಂಕಿ ಹಾಕುವಂತಿಲ್ಲ. ನೋಡುವುದೆಂದರೆ, ಮೇಲಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಕಬ್ಬಿಣದ ಝೂಲಾದಲ್ಲಿ ಕೂತು, ಆ ಕತ್ತಲೆಯಲ್ಲಿ ತೂಗುತ್ತ, ಬ್ಯಾಟರಿಯ ಬೆಳಕು ಬಿಟ್ಟು ನೋಡುವುದು. ಎಲ್ಲ ಸರಿ ಇದೆ ಎಂದು ಸಹಿ ಹಾಕಬೇಕಾದವರು ಇವರು. ಹಾಗಾಗಿ ಝೂಲಾದಲ್ಲಿ ಕೂರುವವರೂ ಇವರೇ. ಒಳಗೆ ಹೇಗಿರುತ್ತದೆ ಎಂದು ಕೇಳಿದರೆ, "ಏನಿರ್ತದ, ಗ್ವಾಡಿ ಇರ್ತದ," ಅನ್ನುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ ಇವರಿಗೆ ತಲೆಚಕ್ಕರ್ ಶುರುವಾಯಿತು. ಕಿವಿಯೊಳಗಿನ ದೋಷವೆಂದು ಹೇಳಿದ ಡಾಕ್ಟರು, ಇನ್ನು ಎತ್ತರ ಹತ್ತುವ ಕೆಲಸ ಬೇಡ ಎಂದರು. ಇವರು ತಲೆಯಾಡಿಸಿದರು. ಆ ತಲೆಯಾಟ ನನಗೆ ಗೊತ್ತು. ಸಂಜೆ ಬರುವಾಗ ಕೊತ್ತಂಬರಿ ತನ್ನಿ ಎಂದರೂ ಹಾಗೆಯೇ ಆಡಿಸುತ್ತಾರೆ.

"ಈ ಸಲ ಡ್ರೋನ್ ಬರ್ತದ," ಎಂದರು ಒಂದು ದಿನ. "ಚಿಮಣಿಯೊಳಗ ಅದೇ ಹಾರಿ ನೋಡ್ತದ."

"ಅದಕ್ಕ ಬರೋಬರಿ ಕಾಣಲಿಲ್ಲಂದ್ರ?"

"ಕಾಣಲಿಲ್ಲಂದ್ರ ನಾನೇ ನೋಡಬೇಕಲ್ಲ. ಬೆಂಕಿ ಹಾಕ್ರಿ ಅಂತ ಹೇಳಾಂವ ನಾನು."

ಅಂದಿನಿಂದ ನಾನು ಕಾಣದ ಆ ಯಂತ್ರದ ಕ್ಷೇಮ ಕೋರುತ್ತ ದೇವರಿಗೆ ದೀಪ ಹಚ್ಚತೊಡಗಿದೆ.

ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಹೊಸ ಹಂಗಾಮಿಗೆ ಮೊದಲ ಬೆಂಕಿ ಹಾಕುವಾಗ ಪೂಜೆ ಮಾಡುತ್ತಾರೆ. ಪೂಜೆಗೆ ಕೆಲಸದವರಲ್ಲೇ ಒಂದು ಜೋಡಿಯನ್ನು ಕೂರಿಸುವ ಪದ್ಧತಿ. ಆ ವರ್ಷ ನಮ್ಮ ಸರದಿ ಬಂದಿತ್ತು. ಡ್ರೋನ್ ಹಿಂದಿನ ದಿನವೇ ಬರಬೇಕಿತ್ತು, ಮಳೆ ಹಿಡಿದದ್ದರಿಂದ ಬರಲಿಲ್ಲ. ಹೀಗಾಗಿ ಮಧ್ಯಾಹ್ನದ ಮುಹೂರ್ತಕ್ಕೆಂದು ನಾನು ಮತ್ತು ಅತ್ತೆ ಬೆಳಿಗ್ಗೆಯೇ ಹೂವು, ಕಾಯಿ, ಅರಿಷಿಣ, ಕುಂಕುಮ ಹಿಡಿದು ಹೋದಾಗ ಚಿಮಣಿಯ ಬುಡದಲ್ಲಿ ಅದು ಇನ್ನೂ ನೆಲದ ಮೇಲೆ ಕೂತಿತ್ತು.

ಹಾರಿಸಲು ಬಂದಿದ್ದವಳು ಒಬ್ಬ ಹೆಣ್ಣುಮಗಳು. ಮೂವತ್ತು ದಾಟಿರಬೇಕು. ತವರು ಹುಮನಾಬಾದವೇ, ಕೆಲಸ ಹೈದರಾಬಾದಿನಲ್ಲಿ. ಓಢಣಿಯನ್ನು ಬಿಗಿಯಾಗಿ ಸುತ್ತಿ, ಅದರ ಮೇಲೆ ಹೆಲ್ಮೆಟ್ ಹಾಕಿದ್ದಳು. ಅವಳ ಯಂತ್ರಕ್ಕೆ ಸುತ್ತಲೂ ಸಣ್ಣ ಕಡ್ಡಿಗಳ ದುಂಡನೆಯ ಪಂಜರ. ಗೋಡೆಗೆ ತಾಗಿದರೂ ರೆಕ್ಕೆ ಮುರಿಯದಿರಲಿ ಎಂದು.

ಅತ್ತೆ ಬಗ್ಗಿ ನೋಡಿದರು. "ಇದೇನವಾ, ಬುಟ್ಟಿ ಮುಚ್ಚಿದ ಕೋಳಿ ಹಾಂಗ ಅದ."

"ಹೌದ್ರಿ ಅಮ್ಮಾ," ಎಂದಳು ಆಕೆ ನಗದೆ. "ಖರ್ಚೂ ಅಷ್ಟೇ ತಿಂತದ. ಆದ್ರ ತತ್ತಿ ಇಡಂಗಿಲ್ಲ."

ಅತ್ತೆಗೆ ಅವಳು ಅಲ್ಲಿಯೇ ಹಿಡಿಸಿಬಿಟ್ಟಳು.

ಆಕೆ ಇವರೊಡನೆ ಒಳಗಿನ ಗಾಳಿ ಪರೀಕ್ಷೆ ಮಾಡಿಸಲು ಹೋದಳು. ನಾನು ಹೂವಿನ ಬುಟ್ಟಿ ಬಿಚ್ಚುತ್ತಿದ್ದೆ. ಅತ್ತೆ ಏನು ಮಾಡುತ್ತಿದ್ದಾರೆಂದು ನೋಡಲಿಲ್ಲ.

ಚಿಮಣಿಯ ಬುಡದಲ್ಲಿ ಒಬ್ಬರು ಬಗ್ಗಿ ಹೋಗುವಷ್ಟು ಬಾಗಿಲಿದೆ. ಡ್ರೋನನ್ನು ಅದರೊಳಗಿಟ್ಟು, ಆಕೆ ಹೊರಗೆ ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ಪರದೆಯಿದ್ದ ರಿಮೋಟ್ ಹಿಡಿದಳು. ನಾವು ಅವಳ ಬೆನ್ನ ಹಿಂದೆ ನಿಂತೆವು. ಒಳಗಿನಿಂದ ಜೇನುಹುಳದ ದೊಡ್ಡ ಹಿಂಡೊಂದು ಎದ್ದ ಸದ್ದಾಯಿತು. ಬಾಗಿಲಿನಿಂದ ಬೂದಿ ಉಕ್ಕಿ ಬಂತು, ನನ್ನ ಸೀರೆಯ ಅಂಚಿನ ತುಂಬ ಕೂತಿತು. ಪರದೆಯಲ್ಲಿ ಮೊದಲು ಬರೀ ಬೂದು ಬಣ್ಣ. ಹಿಟ್ಟಿನ ಗಿರಣಿಯ ಕಿಟಕಿಯಿಂದ ಬಿಸಿಲು ಬಿದ್ದಾಗ ಹಿಟ್ಟು ಹಾರುತ್ತದಲ್ಲ, ಹಾಗೆ. ಆಮೇಲೆ ಅದು ತಿಳಿಯಾಯಿತು.

ನಾನು ಓದಿದ ಕಾನ್ವೆಂಟಿನಲ್ಲಿ ಪ್ರಾರ್ಥನಾಮಂದಿರದೊಳಗೆ ಕಾಲಿಡುವ ಮುನ್ನ ಹೊಸ್ತಿಲಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲಬೇಕೆಂದು ಸಿಸ್ಟರುಗಳು ಕಲಿಸಿದ್ದರು. ಯಾರೂ ಹೇಳದೆ ನನ್ನ ಉಸಿರು ಹಾಗೆ ನಿಂತಿತು. ಗೋಡೆ ದುಂಡಗೆ ಮೇಲಕ್ಕೆ ಹೋಗುತ್ತಿತ್ತು, ಹೋಗುತ್ತಲೇ ಇತ್ತು. ಕರಟದ ಒಳಮೈಯಂತೆ ಸಣ್ಣ ಸಣ್ಣ ಗೆರೆಗಳು. ಯಾವ ಕೀಟಕ್ಕಾಗಿ ಅಷ್ಟು ಎತ್ತರದಲ್ಲಿ ನೇಯ್ದಿತ್ತೋ, ಒಂದು ಜೇಡರ ಬಲೆ ಬೆಳಕು ಬಿದ್ದು ಮಿಂಚಿ ಮರೆಯಾಯಿತು. ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಆಕಾಶ. ಇಷ್ಟು ವರ್ಷ ಇವರು "ಗ್ವಾಡಿ ಇರ್ತದ" ಅಂದದ್ದು ಇದನ್ನು. ಇದರ ನಡುವೆ ಒಂದು ಹಗ್ಗಕ್ಕೆ ಜೋತು ಕೂತಿರುತ್ತಿದ್ದ ಮನುಷ್ಯನಿಗೆ ನಾನು ಮಧ್ಯಾಹ್ನ ಫೋನ್ ಮಾಡಿ ಊಟ ಆಯಿತೇ ಎಂದು ಕೇಳುತ್ತಿದ್ದೆ.

ಅರ್ಧಕ್ಕಿಂತ ಮೇಲೆ ಹೋದಾಗ, ಹಗಲ ಬೆಳಕು ಒಳಗಿಳಿಯುವಲ್ಲಿ, ಪರದೆಯ ಒಂದು ಬದಿಗೆ ಕೆಂಪು ಕಾಣಿಸಿತು.

ಇವರು ಮುಂದೆ ಬಾಗಿದರು. "ನಿಲ್ಲಸ್ರಿ. ಗಿಲಾವು ಬಿದ್ದದ. ಇಟ್ಟಂಗಿ ಬಯಲಾಗ್ಯಾವ."

ಇವರು ಆಗಲೇ ಕೆಲಸದವರನ್ನು ಕರೆದು ಝೂಲಾ ಕಟ್ಟಲು ಹೇಳಿ, ಗೂಟಕ್ಕೆ ತೂಗುಹಾಕಿದ್ದ ಸೇಫ್ಟಿ ಬೆಲ್ಟ್ ತೆಗೆದು ಸೊಂಟಕ್ಕೆ ಬಿಗಿಯತೊಡಗಿದರು. ಬಿಗಿಯುವಾಗ ಎಡಗೈಯಿಂದ ಗೋಡೆ ಹಿಡಿದುಕೊಂಡದ್ದನ್ನು ನಾನು ನೋಡಿದೆ. ಹಿಂದೆಲ್ಲ ಅವರಿಗೆ ಗೋಡೆ ಬೇಕಾಗುತ್ತಿರಲಿಲ್ಲ.

"ಒಂದ್ ಮಿನಿಟ್ ತಡೀರಿ ಸಾಹೇಬ್," ಎಂದಳು ಡ್ರೋನಿನವಳು. ಯಂತ್ರವನ್ನು ಇನ್ನೊಂದು ಬದಿಗೆ ತಿರುಗಿಸಿದಳು. ಅಲ್ಲಿಯೂ ಕೆಂಪು. ಮತ್ತೂ ತಿರುಗಿಸಿದಳು. ಅಲ್ಲಿಯೂ ಪರದೆಯ ಅದೇ ಮೂಲೆಯಲ್ಲಿ ಅದೇ ಕೆಂಪು. "ನಾಕೂ ಕಡೆ ಒಂದೇ ನಮೂನಿ ಬೀಳ್ತದೇನ್ರಿ ಗಿಲಾವು? ಇದು ಗ್ವಾಡಿ ಮ್ಯಾಲ ಇಲ್ಲ. ನನ್ನ ಕ್ಯಾಮೆರಾದ ಮ್ಯಾಲ ಅದ."

ಡ್ರೋನನ್ನು ಕೆಳಗಿಳಿಸಿ ಹೊರತಂದಳು. ಪಂಜರದ ಕಡ್ಡಿಗಳ ನಡುವೆ, ಕ್ಯಾಮೆರಾದ ಗಾಜಿನ ಅಂಚಿಗೆ, ನೀರಲ್ಲಿ ಕಲಸಿದ ಕುಂಕುಮದ ಬೊಟ್ಟು ಒಣಗಿ ಕೂತಿತ್ತು. ಕೆಳಗಿನ ಕತ್ತಲೆಯಲ್ಲಿ ಅದು ಕಂಡಿರಲಿಲ್ಲ.

ಎಲ್ಲರೂ ಅತ್ತೆಯ ಕಡೆ ತಿರುಗಿದರು.

"ನನ್ನ ಕಡೆ ಏನ್ ನೋಡಾಕತ್ತೀರಿ?" ಎಂದರು ಅತ್ತೆ. "ಹೊಸಾ ಮಷಿನ್, ಅಂಥಾ ಜಾಗದಾಗ ಹೊಂಟದ. ಬೋಳು ಹಣಿಲೆ ಕಳಸೂದೇನು?"

"ಅಮ್ಮಾ, ಅದು ಹಣಿ ಅಲ್ರಿ, ಕಣ್ಣು."

"ಹೌದಾ? ಮತ್ತ ಹಣಿ ಎಲ್ಲದ ಇದಕ್ಕ?"

ಡ್ರೋನಿನವಳು ಕರವಸ್ತ್ರಕ್ಕೆ ಏನೋ ದ್ರವ ಹನಿಸಿ ಗಾಜು ಒರೆಸಿದಳು. ಆಮೇಲೆ ಯಂತ್ರವನ್ನು ಅತ್ತೆಯ ಮುಂದೆ ಹಿಡಿದು, ಬ್ಯಾಟರಿಯ ಮೇಲಿನ ಸಪಾಟು ಜಾಗ ತೋರಿಸಿದಳು. "ಇಲ್ಲಿ ಹಚ್ರಿ. ಒಣಾದು. ಸಣ್ಣದು." ಅತ್ತೆ ಬಹಳ ಗಂಭೀರವಾಗಿ ಹಚ್ಚಿದರು.

ಕೆಲಸದವರು ನಕ್ಕರು, ನಾನೂ ನಕ್ಕೆ. ಇವರು ಮಾತ್ರ ಬೆಲ್ಟ್ ಬಿಚ್ಚಲಿಲ್ಲ.

"ಇಲ್ಲದ್ದನ್ನ ಒಮ್ಮೆ ತೋರಿಸ್ತು," ಎಂದರು. "ಇದ್ದದ್ದನ್ನ ಬಿಟ್ರ? ಮ್ಯಾಲ ಒಂದು ಜಾಗ ನಾನೇ ನಿಂತು ರಿಪೇರಿ ಮಾಡಿಸೀನಿ. ಅದನ್ನ ನನ್ನ ಕಣ್ಣಿಲೆ ನೋಡಬೇಕು. ನಾಳೆ ಅದು ಬಿತ್ತಂದ್ರ ಕೆಳಗ ಮಂದಿ ಇರ್ತಾರ."

ಹತ್ತಬೇಡಿ ಎನ್ನಬಹುದಿತ್ತು. ಆದರೆ ಕೆಳಗಿರುವ ಮಂದಿಯ ಮಾತು ಸುಳ್ಳಲ್ಲ. ಪ್ರತಿ ವರ್ಷ ಹತ್ತಿದ್ದೂ ಅದಕ್ಕೇ.

ಡ್ರೋನಿನವಳು ವಾದಿಸಲಿಲ್ಲ. ಸ್ಟೂಲಿನ ಅರ್ಧ ಬಿಟ್ಟು ಸರಿದು ಕೂತಳು. "ಬರ್ರಿ, ಇಲ್ಲಿ ಕುಂದುರ್ರಿ. ನೀವು ಝೂಲಾದಾಗ ಕುಂತೀರಿ ಅಂತ ತಿಳೀರಿ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನೋಡಬೇಕು, ನೀವೇ ಹೇಳ್ರಿ. ಆಮ್ಯಾಲೂ ಹೋಗೂದಿದ್ರ ಹೋಗ್ರಿ, ನಾ ಹಿಡಿಯಂಗಿಲ್ಲ."

ಇವರು ಒಮ್ಮೆ ಚಿಮಣಿಯ ಬಾಗಿಲಿನ ಕಡೆ ನೋಡಿದರು. ಆಮೇಲೆ ಬೆಲ್ಟ್ ಸಮೇತ ಹೋಗಿ ಕೂತರು.

ಎರಡನೆಯ ಸಲದ ಹಾರಾಟ ಬಹಳ ನಿಧಾನ. "ಎಡಕ್ಕ ಸರೀರಿ. ಇನ್ನೂ. ಹಾಂ, ಅಲ್ಲಿಂದ ಮ್ಯಾಲ. ಅಲ್ಲೊಂದು ಸಾಲು ಸೊಟ್ಟಗ ಅದ ನೋಡ್ರಿ, ಅದನ್ನ ದಾಟ್ರಿ." ಕತ್ತಲೆಯ ಆ ಗೋಡೆಯನ್ನು ಇವರು ನಮ್ಮ ಓಣಿಯ ಮನೆಗಳನ್ನು ಹೇಳಿದ ಹಾಗೆ ಹೇಳುತ್ತಿದ್ದರು. ಆಕೆಯ ಹೆಬ್ಬೆರಳುಗಳು ಅಲ್ಲಾಡಿದ್ದೂ ಕಾಣುತ್ತಿರಲಿಲ್ಲ, ಎಲ್ಲೋ ಮೇಲೆ ಯಂತ್ರ ಇವರ ಮಾತು ಕೇಳುತ್ತಿತ್ತು.

"ಇಲ್ಲೇ. ತಡೀರಿ."

ರಿಪೇರಿಯಾದ ಜಾಗ. ಸುತ್ತಲಿನದಕ್ಕಿಂತ ತುಸು ತಿಳಿ ಬಣ್ಣ, ಬಟ್ಟೆಗೆ ಹಾಕಿದ ತೇಪೆಯಂತೆ. ಡ್ರೋನ್ ಹತ್ತಿರ ಹೋಯಿತು, ಇನ್ನೂ ಹತ್ತಿರ, ಪಂಜರವನ್ನು ಗೋಡೆಗೆ ಒರಗಿಸಿ ನಿಂತಿತು. ಗಿಲಾವಿನ ಮರಳಿನ ಕಾಳುಗಳು ಸಜ್ಜಿಗೆ ರವೆಯಂತೆ ಬೇರೆಬೇರೆಯಾಗಿ ಕಂಡವು. ತೇಪೆಯ ಅಂಚಿಗೆ ಕೂದಲೆಳೆಯಂಥ ಒಂದು ಬಿರುಕು. ಇವರು ಬೆರಳನ್ನು ಪರದೆಗೆ ತಾಗಿಸದೆ ಅದರ ಉದ್ದಕ್ಕೂ ಒಯ್ದರು.

"ಹ್ವಾದ ವರ್ಷಾನೂ ಇತ್ತು. ಇಲ್ಲೇ ನಿಂತಿತ್ತು." ಮತ್ತೆ ನೋಡಿದರು. "ಮುಂದ ಸರದಿಲ್ಲ." ಆಮೇಲೆ, ತಮಗೇ ಹೇಳಿಕೊಂಡಂತೆ, "ಇಷ್ಟು ಹತ್ರ ನಾ ಎಂದೂ ಬಂದಿಲ್ಲ. ಝೂಲಾ ತೂಗ್ತಿರ್ತದ," ಎಂದರು.

"ಇನ್ನೂ ಎಲ್ಲಿ ತೋರಿಸ್ಲಿ?"

"ಸಾಕು. ಬಾಯಿ ತನಕ ಹೋಗ್ರಿ. ಅಲ್ಲಿ ಅಂಚು ನೋಡೂಣು."

ಗುಂಡಿಯಷ್ಟಿದ್ದ ಆಕಾಶ ತಾಟಿನಷ್ಟಾಯಿತು, ಕೊಪ್ಪರಿಗೆಯಷ್ಟಾಯಿತು. ಅಂಚೂ ಗಟ್ಟಿಯಿತ್ತು. ಆಮೇಲೆ ಅಂಚೆಂಬುದೇ ಇಲ್ಲದೆ ಪರದೆಯ ತುಂಬ ಬೆಳಕು. ಡ್ರೋನ್ ಹೊರಗೆ ಬಂದಿತ್ತು. ಮಳೆ ತೊಳೆದ ತೊಗರಿ ಹೊಲಗಳು, ನಡುನಡುವೆ ಕೆಂಪು ನೆಲ, ಕಬ್ಬಿನ ದಟ್ಟ ಹಸಿರು. ದುಬಲಗುಂಡಿ ಕಡೆಗೆ ಹೋಗುವ ಬಸ್ಸು ಇರುವೆಯಷ್ಟಾಗಿ ತೆವಳುತ್ತಿತ್ತು. ಮೋಡದ ನೆರಳೊಂದು ಹೊಲದಿಂದ ಹೊಲಕ್ಕೆ ದಾಟುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಮೋಡ ಅಷ್ಟು ಸದ್ದಿಲ್ಲದೆ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ.

"ಇದು ನಿಮಗ ಪ್ರತಿ ವರ್ಷ ಕಾಣ್ತಿತ್ತೇನ್ರಿ?" ಎಂದು ಕೇಳಿದೆ.

"ಇಲ್ಲ," ಎಂದರು ಇವರು. ಪರದೆಯಿಂದ ಕಣ್ಣು ತೆಗೆದಿರಲಿಲ್ಲ. "ಮ್ಯಾಲ ಹೋದ್ರ ಹಗ್ಗದ ಗಂಟು ಒಂದೇ ನೋಡ್ತಿದ್ದೆ. ಅಂಜಿಕಿ ಬರ್ತಿತ್ತು."

ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತು ಅವರ ಬಾಯಿಂದ ಅಂದೇ ಕೇಳಿದ್ದು. ಇವರ ಕೈ ಬೆಲ್ಟಿನ ಬಕಲ್ ಮೇಲೆ ಹೋಯಿತು. ಅದು ಬೂದಿಗೆ ಬಿಗಿದುಕೊಂಡಿತ್ತು, ಬಿಚ್ಚಿಕೊಳ್ಳಲಿಲ್ಲ. ಅತ್ತೆ, ಕೆಲಸದವರು, ಎಲ್ಲರೂ ಇದ್ದರು. ಆದರೂ ಮುಂದೆ ಹೋಗಿ ಬಗ್ಗಿ ನಾನೇ ಬಿಚ್ಚಿದೆ. ಅದು ಇಷ್ಟು ಭಾರವಿರುತ್ತದೆಂದು ಎಣಿಸಿರಲಿಲ್ಲ.

"ಝೂಲಾ ಬ್ಯಾಡ," ಎಂದರು ಇವರು ಕೆಲಸದವರಿಗೆ. "ಕಟ್ಟಿಗಿ ಒಟ್ರಿ. ಬೆಂಕಿ ಹಾಕೂಣು."

ಅತ್ತೆ ಆಗಲೇ ಸ್ಟೂಲಿನ ಖಾಲಿಯಾದ ಅರ್ಧದಲ್ಲಿ ಕೂತು ಪರದೆಗೆ ಮುಖ ಕೊಟ್ಟಿದ್ದರು. "ಯವ್ವಾ, ಇದರಾಗ ನಮ್ಮ ಕಲ್ಯಾಣ ಕಾಣ್ತದೇನು?"

"ಅಷ್ಟು ದೂರ ಕಾಣಂಗಿಲ್ರಿ ಅಮ್ಮಾ. ಆ ದಿಕ್ಕು ಮಾತ್ರ ತೋರಸ್ತೀನಿ," ಎಂದು ಆಕೆ ಹೆಬ್ಬೆರಳನ್ನು ತುಸುವೇ ಸರಿಸಿದಳು. ನಮ್ಮ ತಲೆಗಳ ಮೇಲೆ, ಬಹಳ ಎತ್ತರದಲ್ಲಿ, ಅದು ನಮ್ಮ ಊರಿನ ಕಡೆಗೆ ಮೆಲ್ಲಗೆ ತಿರುಗಿತು.