ಆರನೇ ಮನೆಯ ಬಾಡಿಗೆದಾರಳು

ಅವಳಿಗೆ ಮೋಟರಕ್ಕ ಎಂದು ಹೆಸರಿಟ್ಟವರು ಯಾರೋ ಹಳೆಯ ಬಾಡಿಗೆದಾರರು. ಬೆಳಿಗ್ಗೆ ಐದೂಮುಕ್ಕಾಲಿಗೆ ನೀರಿನ ಮೋಟರ್ ಗುರ್ರೆಂದರೆ ಅಕ್ಕ ಎದ್ದಿದ್ದಾಳೆ ಎಂದರ್ಥ. ಅವಳ ಗಂಡನನ್ನು ಮಾತ್ರ ಎಲ್ಲರೂ ಓನರ್ ಸಾರ್ ಎನ್ನುತ್ತಿದ್ದರು. ಕೆಳಗಿನ ಮನೆಯಲ್ಲಿ ಇವರಿಬ್ಬರು, ಮೇಲಿನ ಎರಡು ಮಹಡಿಗಳಲ್ಲಿ ಆರು ಬಾಡಿಗೆ ಮನೆ. ಮೊದಲನೆಯ ಮಹಡಿ ಎದ್ದದ್ದು ಅವನ ಸಾಲದಿಂದ, ಎರಡನೆಯದು ಅವಳ ಬಳೆ, ಸರಗಳಿಂದ. ಸಾಲ ತೀರಿಸಿದ ಕಥೆಯನ್ನು ಅವನು ಈಗಲೂ ಬಂದವರಿಗೆಲ್ಲ ಹೇಳುತ್ತಾನೆ. ಬಳೆಗಳ ಮಾತು ಬಂದರೆ, "ಅದು ಮನೇದೇ ಅಲ್ವಾ" ಎಂದು ಮುಗಿಸುತ್ತಾನೆ.

ಇಪ್ಪತ್ತೆರಡು ವರ್ಷಗಳಿಂದ ಟ್ಯಾಂಕಿಗಿಳಿದು ಪಾಚಿ ಉಜ್ಜಿದವಳು ಅವಳು. ಕಟ್ಟಿಕೊಂಡ ಮೋರಿಗೆ ಕಂಬಿ ತೂರಿಸಿದವಳು ಅವಳು. ಮನೆ ನೋಡಲು ಬಂದವರನ್ನು ಅಳೆಯುವ ವಿದ್ಯೆಯೂ ಅವಳದೇ. ಮೊದಲು ನಲ್ಲಿ ತಿರುಗಿಸಿ ನೋಡುವವರು ವರ್ಷಗಟ್ಟಲೆ ನಿಲ್ಲುತ್ತಾರೆ. ಬಂದ ಕೂಡಲೇ ಕಿಟಕಿಯ ಗಾಳಿ ಹೊಗಳುವವರು ಆರು ತಿಂಗಳಿಗೆ ಗಂಟುಮೂಟೆ ಕಟ್ಟುತ್ತಾರೆ.

ಮನೆ ಖಾಲಿಯಾದಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿಯುವುದು ರೂಢಿ. ಬಣ್ಣದ ಡಬ್ಬದ ದುಡ್ಡು ಕಳೆದು ಉಳಿದದ್ದು ಪೇಂಟರ್ ಕೂಲಿ. ಆ ಪೇಂಟರ್ ಯಾರೆಂದು ಗಂಡ ಒಂದು ದಿನವೂ ಕೇಳಲಿಲ್ಲ. ಮೆಟ್ಟಿಲು ಹತ್ತಿದರೆ ಅವನಿಗೆ ಮಂಡಿ ನೋವು. ಪೇಂಟರ್ ಹಳೇ ನೈಟಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡು, ಮಧ್ಯಾಹ್ನ ಅವನು ಮಲಗಿದ ಮೇಲೆ ಬ್ರಶ್ ಹಿಡಿಯುತ್ತಿದ್ದಳು. ಕೂಲಿಯನ್ನು ತನ್ನ ಹೆಸರಿನಲ್ಲಿ ಬ್ಯಾಂಕಿಗೆ ಹಾಕುತ್ತಿದ್ದಳು.

ಒಂದು ಭಾನುವಾರ ಮೈದುನ ಒಬ್ಬ ಏಜೆಂಟನನ್ನು ಕರೆತಂದ.

"ಬಾಡಿಗೇಲಿ ನೂರಕ್ಕೆ ಹತ್ತು ಇವರಿಗೆ ಕೊಟ್ರೆ ಆಯ್ತಣ್ಣ, ಎಲ್ಲಾ ನೋಡ್ಕೋತಾರೆ. ನೀನು ಕಾಲ್ ಮೇಲೆ ಕಾಲ್ ಹಾಕ್ಕೊಂಡು ಕೂತ್ಕೊ."

"ಈಗಲೂ ಹಾಗೇ ಕೂತಿರೋದು," ಎಂದಳು ಅವಳು, ಟೀ ಲೋಟ ಇಡುತ್ತಾ.

"ಅತ್ತಿಗೆ ನಾಲಿಗೆಗೆ ಮೋಟರೇ ಬೇಡ," ಎಂದು ಮೈದುನ ನಕ್ಕ.

ಏಜೆಂಟ್ ಫಾರಂ ಬಿಚ್ಚಿದ. "ಸದ್ಯಕ್ಕೆ ಮನೆಗಳನ್ನ ನೋಡ್ಕೊಳ್ತಿರೋರು ಯಾರು ಸಾರ್? ಹೆಸರು ಬರೀಬೇಕು."

"ಯಾರೂ ಇಲ್ಲ. ತಾನಾಗೇ ನಡ್ಕೊಂಡು ಹೋಗ್ತಿದೆ."

"ಮೋಟರ್, ಟ್ಯಾಂಕು, ಮೋರಿ... ಇದಕ್ಕೊಬ್ಬ ಆಳು ಬೇಕಾಗುತ್ತೆ. ಅವನ ಸಂಬಳ ಬೇರೆ."

"ಆಳು ಯಾಕೆ? ಅದಕ್ಕೆಲ್ಲ ಇವಳಿದ್ದಾಳಲ್ಲ."

ಒಂದನೇ ತಾರೀಕಿಗೆ ಸಹಿ ಎಂದು ಫಾರಂ ಬಿಟ್ಟುಹೋದರು. ಲೋಟ ಎತ್ತುವಾಗ ಅವಳು ಅದನ್ನು ಓದಿದಳು. ನೋಡಿಕೊಳ್ಳುವವರು ಎಂಬ ಸಾಲಿನ ಮುಂದೆ ದುಂಡಗೆ ಬರೆದಿತ್ತು: ಯಾರೂ ಇಲ್ಲ.

"ರೀ, ಇಲ್ಲಿ ನನ್ನ ಹೆಸರು ಬರೀರಿ. ಆ ಹತ್ತು ನನಗೇ ಕೊಡಿ."

"ಮನೆ ಹೆಂಗಸಿಗೆ ಯಾರಾದ್ರೂ ಸಂಬಳ ಕೊಡ್ತಾರೇನೇ?"

"ಹಿತ್ತಲ ಗಿಡ ಮದ್ದಲ್ಲ, ಬಿಡಿ," ಎಂದು ಅವಳು ಒಳಗೆ ಹೋದಳು. ಕೆಲಸ ತನ್ನದು, ಹತ್ತು ಪಾಲು ಏಜೆಂಟನದು, ಹೆಸರು ಯಾರದೂ ಅಲ್ಲ. ಒಂದನೇ ತಾರೀಕಿಗೆ ಇನ್ನು ಐದು ದಿನ.

ಆಗ ಆರನೇ ಮನೆ ಖಾಲಿಯಿತ್ತು. ಕರಾರುಪತ್ರಗಳನ್ನು ಟೈಪ್ ಮಾಡಿಸಿ ತರುತ್ತಿದ್ದವಳೂ ಅವಳೇ, ಅದರ ಸಾಲುಗಳೆಲ್ಲ ಬಾಯಿಪಾಠ. ಮುಂಚೆ ತಿಳಿಸದೆ ಓನರ್ ಒಳಗೆ ಬರಬಾರದು. ನೀರು, ರಿಪೇರಿ ಓನರ್ ಹೊಣೆ. ಬಿಡಿಸಬೇಕಾದರೆ ಎರಡು ತಿಂಗಳ ನೋಟಿಸ್. ಟೈಪಿನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾಗ ಅವಳಿಗೆ ಹೊಳೆಯಿತು: ಬಾಡಿಗೆದಾರರಿಗೆ ಇಷ್ಟೆಲ್ಲ ಇದೆ, ಹೆಂಡತಿಗೆ ಇದರಲ್ಲಿ ಒಂದೂ ಇಲ್ಲ.

"ಆರನೇ ಮನೆಗೆ ಜನ ಸಿಕ್ಕಿದ್ರು ಕಣ್ರೀ. ಒಬ್ಬಳೇ ಹೆಂಗಸು. ಅಡ್ವಾನ್ಸ್ ಪೂರ್ತಿ ನಿಮ್ಮ ಖಾತೆಗೆ ಹಾಕಿದ್ದಾಳೆ."

"ಹೇಗೆ ಜನ?"

"ನಲ್ಲಿ ತಿರುಗಿಸಿ ನೋಡೋಳು. ಇಪ್ಪತ್ತೆರಡು ವರ್ಷದಿಂದ ಬಲ್ಲೆ."

ಅವನು ಕರಾರುಪತ್ರಕ್ಕೆ ಸಹಿ ಹಾಕಿದ. ಎಂದಿನ ಹಾಗೆ ಈ ಸಲವೂ ಓದಲಿಲ್ಲ.

ಒಂದನೇ ತಾರೀಕು ಬೆಳಗಾಗುತ್ತಲೇ ಅವಳು ಹಾಸಿಗೆ, ಒಲೆ, ನಾಲ್ಕು ಪಾತ್ರೆ ಮೇಲಕ್ಕೆ ಹೊತ್ತಳು. ಕೀಗೊಂಚಲನ್ನು ಮೇಜಿನ ಮೇಲೆ, ಏಜೆಂಟನ ಫಾರಂ ಮೇಲೇ ಇಟ್ಟಳು. ಐದೂಮುಕ್ಕಾಲಾಯಿತು. ಮೋಟರ್ ಸದ್ದಿಲ್ಲ.

ಏಳು ಗಂಟೆಗೆ ಮೂರನೇ ಮನೆಯ ನರ್ಸ್ ಕೆಳಗಿನ ಬಾಗಿಲು ತಟ್ಟಿದಳು. ಅವಳ ಹಿಂದೆ ಇನ್ನೂ ಮೂವರು.

"ಓನರ್ ಸಾರ್, ನೀರಿಲ್ಲ. ನಾನು ಸೋಪು ಹಚ್ಕೊಂಡು ನಿಂತಿದ್ದೆ."

ಅವನು ಒಳಗೆ ತಿರುಗಿ ಕೂಗಿದ. "ಏ, ಎಲ್ಲಿದ್ದೀಯೇ?"

ಮೆಟ್ಟಿಲಿಂದ ಅವಳು ಇಳಿದು ಬಂದಳು. ಖಾಲಿ ಬಕೆಟ್ ಹಿಡಿದು ಸಾಲಿನ ಕೊನೆಗೆ ನಿಂತಳು.

"ಓನರ್ ಸಾರ್, ಆರನೇ ಮನೇಲೂ ನೀರಿಲ್ಲ."

"ಏನೇ ಇದು ನಾಟಕ?"

ಅವಳು ಕರಾರುಪತ್ರ ಕೊಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ಅದನ್ನು ಓದಿದ. "ಅಡ್ವಾನ್ಸಿಗೆ ದುಡ್ಡು ಎಲ್ಲಿಂದ ಬಂತು?"

"ಪೇಂಟರ್ ಕೂಲಿ. ಆ ಪೇಂಟರ್ ನಾನೇ."

"ಮರ್ಯಾದೆ ಹೋಗುತ್ತೆ. ಒಳಗೆ ಬಾ."

"ಬಿಡಿಸೋದಾದ್ರೆ ಎರಡು ತಿಂಗಳ ನೋಟಿಸ್ ಕೊಡಿ."

ನರ್ಸ್ ಬಾಯಿಗೆ ಸೆರಗು ಒತ್ತಿದಳು. ಅವನು ಏಜೆಂಟನಿಗೆ ಫೋನ್ ಮಾಡಿದ. "ಮೋಟರ್ ನಮ್ಮ ಲೆಕ್ಕಕ್ಕೆ ಬರಲ್ಲ ಸಾರ್, ಅದಕ್ಕೆ ಮನೆಯವರಿದ್ದಾರೆ ಅಂದಿದ್ರಲ್ಲ," ಎಂಬ ಮಾತು ಸಾಲಿನಲ್ಲಿದ್ದವರಿಗೂ ಕೇಳಿಸಿತು.

ಅವನು ಕೀಗೊಂಚಲು ತಂದ. ಹದಿನಾಲ್ಕು ಕೀ, ಒಂದೊಂದಕ್ಕೂ ಒಂದೊಂದು ಬಣ್ಣದ ದಾರ.

"ಮೋಟರ್ ಪೆಟ್ಟಿಗೆಗೆ ಯಾವುದು?"

"ಮನೆಗಳನ್ನ ನೋಡ್ಕೊಳ್ಳೋರನ್ನ ಕೇಳಿ."

"ಯಾರದು?"

"ಫಾರಂನಲ್ಲಿ ಬರೆದಿದೆಯಲ್ಲ."

ಅವನು ಗೊಂಚಲಿನ ಕೀಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ನರ್ಸ್ ಗಡಿಯಾರ ನೋಡಿಕೊಂಡಳು. ಕೊನೆಗೆ ಒಳಗೆ ಹೋಗಿ ಫಾರಂ ತಂದು, ಗೋಡೆಗೊತ್ತಿ ಹಿಡಿದು, 'ಯಾರೂ ಇಲ್ಲ' ಎಂಬುದನ್ನು ಹೊಡೆದುಹಾಕಿ ಅವಳ ಹೆಸರು ಬರೆದ.

"ನೂರಕ್ಕೆ ಹತ್ತು ಅನ್ನೋದೂ ನನ್ನ ಹೆಸರಿಗೇ ಬರೀರಿ. ಕೆಳಗೆ ಸಹಿ."

ಅದನ್ನೂ ಬರೆದ. ಅವಳು ಮೊದಲಿನಿಂದ ಕೊನೆಯವರೆಗೆ ಓದಿದಳು, ಜನ ಕಾಯುತ್ತಿದ್ದರೂ ಅವಸರ ಮಾಡಲಿಲ್ಲ. ಆಮೇಲೆ ಹಸಿರು ದಾರದ ಕೀ ಹುಡುಕಿ ಮೋಟರ್ ಹಾಕಿದಳು. ಟ್ಯಾಂಕಿಗೆ ನೀರು ಬೀಳುವ ಸದ್ದಿಗೆ ಸಾಲು ಕರಗಿತು.

ಅವಳು ಬಕೆಟ್ ಎತ್ತಿಕೊಂಡು ಮೆಟ್ಟಿಲ ಕಡೆ ನಡೆದಳು.

"ಹೆಸರು ಬರೆದಾಯ್ತಲ್ಲ, ಇನ್ನೂ ಮೇಲಕ್ಕೇ ಹೋಗ್ತೀಯಾ? ತಿಂಡಿ?"

"ಕರಾರು ಒಂದು ವರ್ಷದ್ದು. ಫಾರಂನಲ್ಲಿ ಆರು ಮನೆ ಮಾತ್ರ ಇದೆ, ಕೆಳಗಿನ ಅಡುಗೆಮನೆ ಇಲ್ಲ." ನಾಲ್ಕು ಮೆಟ್ಟಿಲು ಹತ್ತಿ ತಿರುಗಿ ನೋಡಿದಳು. "ಮರ್ತಿದ್ದೆ ಓನರ್ ಸಾರ್, ನನ್ನ ಮನೆ ಕಿಟಕಿ ಚಿಲಕ ಕಿತ್ತು ಬಂದಿದೆ. ರಿಪೇರಿ ನಿಮ್ಮ ಹೊಣೆ. ಬರೋಕ್ಮುಂಚೆ ತಿಳಿಸಿ."